ಹೊಸ ದೋಣಿಯಂತ್ರ ಸೊರಗಿದಾಗ

ಮನೆಯ ರೇಡಿಯೋದ ಧ್ವನಿ ಇದ್ದಕ್ಕಿದ್ದಂತೆ ಕುಗ್ಗಿದರೆ ತಾವು ಏನು ಮಾಡುತ್ತೀರಿ? ಬಲ್ಲವರಾರೂ ಒಡನೆ ಸ್ಕ್ರೂಡ್ರೈವರು ಹಿಡಿದು ಪೆಟ್ಟಿಗೆಯ ಬೆನ್ನು ಬಿಚ್ಚುವುದಿಲ್ಲ. ಮುಳ್ಳು ಸರಿದಿದೆಯೇ, ಸೆಲ್ಲು ಸೊರಗಿದೆಯೇ, ಬೇರೆ ನಿಲಯಕ್ಕೆ ತಿರುಗಿಸಿದರೂ ಧ್ವನಿ ಹೀಗೆಯೇ ಇದೆಯೇ ಎಂದು ಮೊದಲು ಕಿವಿಗೊಟ್ಟು ಕೇಳುತ್ತಾರೆ. ಕೇಳಿಯೇ ಅರ್ಧ ಕಾರಣವನ್ನು ಕಂಡುಕೊಳ್ಳುತ್ತಾರೆ. ಇದೇ ವಿವೇಕ ನೀರಿನ ಮೇಲಿನ ಒಂದು ಯಂತ್ರಕ್ಕೂ ಸಲ್ಲುತ್ತದೆ. ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರು, ಎಂದರೆ ಔಟ್‌ಬೋರ್ಡ್ ಯಂತ್ರ, ಹೊಸದಾಗಿದ್ದೂ ಬಲಗುಂದಿದರೆ ಏನು ಮಾಡಬೇಕು ಎಂಬುದೇ ಇಲ್ಲಿನ ವಿಷಯ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸುಣ್ಣಕಲ್ಲಿನ ನಾಡಿಗೆ ದೋಣಿಯ ಯಂತ್ರದ ಮಾತೇಕೆ ಎಂದು ಕೆಲವರು ಕೇಳಬಹುದು. ಬೇಸಗೆಯಲ್ಲಿ ಕಾಗಿಣೆಯನ್ನು ಕಂಡವರಿಗೆ ಈ ಪ್ರಶ್ನೆ ಸಹಜವೇ. ಆದರೆ ಮಳೆಗಾಲದ ಕಾಗಿಣೆ ಬೇರೆ. ಆದಿತ್ಯನಗರದ ಸಿಮೆಂಟು ಕಾರ್ಖಾನೆಯ ವಸಾಹತಿನಿಂದ ಅನತಿ ದೂರದಲ್ಲಿರುವ ಮಳಖೇಡದ ಕೋಟೆಯ ಬುಡದಲ್ಲಿ ಹರಿದು, ಮುಂದೆ ಶಹಾಬಾದದ ಕಡೆ ಭೀಮೆಯನ್ನು ಕೂಡುವ ಈ ನದಿ ಉಕ್ಕಿದರೆ ಹೊಲ, ದಾರಿ, ಮನೆಯಂಗಳಗಳೆಲ್ಲ ಒಂದಾಗುತ್ತವೆ. ೨೦೨೦ರ ಅಕ್ಟೋಬರಿನಲ್ಲಿ ಭೀಮೆ ಮತ್ತು ಕಾಗಿಣೆಗಳು ಉಕ್ಕಿದಾಗ ನಮ್ಮ ಜಿಲ್ಲೆಯ ಊರುಗಳಿಂದ ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಅಂಥ ಹೊತ್ತಿನಲ್ಲಿ ಮುದುಕರನ್ನೂ ಮಕ್ಕಳನ್ನೂ ಹೊತ್ತ ದೋಣಿಯ ಯಂತ್ರ ನಡುನೀರಿನಲ್ಲಿ ಬಲಗುಂದಿದರೆ ದೋಣಿಯು ಚುಕ್ಕಾಣಿಯ ಮಾತು ಕೇಳದು, ಹೊಳೆಯ ಮಾತು ಕೇಳುತ್ತದೆ. ಆದಕಾರಣ ಈ ತಿಳಿವಳಿಕೆ ದೋಣಿಯುಳ್ಳವರಿಗೆ ಮಾತ್ರವಲ್ಲ, ದೋಣಿ ಏರಬೇಕಾಗಿ ಬರಬಹುದಾದ ನಮಗೆಲ್ಲರಿಗೂ ಬೇಕಾದುದು.

ಔಟ್‌ಬೋರ್ಡ್ ಯಂತ್ರವು ಜನಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅಮೆರಿಕದ ಮಿಲ್ವಾಕೀ ನಗರದ ಓಲೆ ಎವಿನ್‌ರೂಡ್ ೧೯೦೯ರಲ್ಲಿ ಮಾರಾಟಕ್ಕೆ ತಂದ ಯಂತ್ರ ಅದಕ್ಕೆ ಹೆಸರು ತಂದುಕೊಟ್ಟಿತು. ನಮ್ಮ ನಾಡಿನಲ್ಲಿ ಅದರ ತವರು ಕರಾವಳಿ. ಮಲ್ಪೆ, ಗಂಗೊಳ್ಳಿ, ಭಟ್ಕಳಗಳ ನಾಡದೋಣಿಯ ಮೀನುಗಾರರು ಪೆಟ್ರೋಲಿನಿಂದ ಎಬ್ಬಿಸಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುವ ಯಂತ್ರಗಳನ್ನು ಬಹುಕಾಲದಿಂದ ಬಳಸಿ ಬಲ್ಲವರು. ಯಂತ್ರದ ತಲೆಯಲ್ಲಿ ಎಂಜಿನ್ನು, ನೀರಿಗಿಳಿದ ಉದ್ದನೆಯ ಕಾಲು, ಕಾಲಿನ ತುದಿಯಲ್ಲಿ ತಿರುಗುವ ಪ್ರೊಪೆಲ್ಲರು, ಇಷ್ಟೇ ಅದರ ರೂಪ. ಎಂಜಿನ್ನು ಹುಟ್ಟಿಸಿದ ಬಲವನ್ನು ಕಾಲು ಒಯ್ಯುತ್ತದೆ, ಪ್ರೊಪೆಲ್ಲರು ಅದನ್ನು ನೀರಿಗೆ ಒಪ್ಪಿಸುತ್ತದೆ. ಬಲ ಹುಟ್ಟದೆ ಹೋಯಿತೋ, ಹುಟ್ಟಿದ್ದು ನೀರಿಗೆ ಮುಟ್ಟದೆ ಹೋಯಿತೋ, ಮುಟ್ಟಿದ್ದು ಹೊರೆಗೆ ಸಾಲದೆ ಹೋಯಿತೋ ಎಂಬುದೇ ನಮ್ಮ ಪರೀಕ್ಷೆಯ ಸಾರ.

ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಹಳೆಯದಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಆ ಗ್ರಂಥದ ಮೊದಲ ಪರಿಚ್ಛೇದದ ಕೆಲಸ ಕಾವ್ಯದಲ್ಲಿ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂದು ಬೇರ್ಪಡಿಸುವುದು. ಗುಣ, ಅಲಂಕಾರಗಳ ವಿಚಾರ ಆ ಮೇಲಿನದು. ಯಂತ್ರದ ಮುಂದೆ ಕುಳಿತವನಿಗೂ ಈ ಕ್ರಮ ಒಳ್ಳೆಯದೇ. ಆದ್ದರಿಂದ ದೋಷವಲ್ಲದ್ದನ್ನು ಮೊದಲು ತೆಗೆದಿಡೋಣ.

ಹೊಸ ಯಂತ್ರವನ್ನು ಮೊದಲ ಕೆಲವು ಗಂಟೆ ಪಳಗಿಸಬೇಕು. ಸಾಮಾನ್ಯವಾಗಿ ಹತ್ತು ಗಂಟೆಗಳ ಅವಧಿಯನ್ನು ಹೇಳುತ್ತಾರೆ. ಆಗ ಪೂರ್ಣ ವೇಗ ಕೊಡಕೂಡದು. ಹೊಸ ಎತ್ತಿಗೆ ಮೊದಲ ದಿನವೇ ತುಂಬಿದ ಬಂಡಿ ಕಟ್ಟುವವರುಂಟೆ? ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಓಡುವ ಟೂ ಸ್ಟ್ರೋಕ್ ಯಂತ್ರಗಳಿಗೆ ಈ ಅವಧಿಯಲ್ಲಿ ಹೆಚ್ಚು ಎಣ್ಣೆ ಹಾಕಲು ಹೇಳಿರುತ್ತಾರೆ. ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ರೂಢಿಯಾದರೆ, ಪಳಗಿಸುವಾಗ ಇಪ್ಪತ್ತೈದಕ್ಕೆ ಒಂದು. ಆಗ ಹೊಗೆ ಹೆಚ್ಚಾಗುವುದು ರೋಗವಲ್ಲ. ಎತ್ತರದ ಲೆಕ್ಕವೂ ಹಾಗೆಯೇ. ಸಮುದ್ರಮಟ್ಟದಿಂದ ಸಾವಿರ ಅಡಿ ಏರಿದರೆ ಇಂಥ ಯಂತ್ರ ಶೇಕಡ ೩ರಷ್ಟು ಬಲ ಕಳೆದುಕೊಳ್ಳುತ್ತದೆ. ನಮ್ಮ ಭಾಗ ಸುಮಾರು ೪೦೦ ಮೀಟರು, ಎಂದರೆ ೧,೩೦೦ ಅಡಿ ಎತ್ತರದಲ್ಲಿದೆ. ಶೇಕಡ ನಾಲ್ಕರ ಈ ನಷ್ಟವನ್ನು ಕೈಯೇ ಗುರುತಿಸದು. ಅರ್ಧ ಬಲ ಹೋಗಿದ್ದರೆ ಎತ್ತರದ ಮೇಲೆ ತಪ್ಪು ಹೊರಿಸಬೇಡಿರಿ.

ಇನ್ನು ಹೊರೆ. ಇಬ್ಬರು ಕುಳಿತಾಗ ನೀರಿನ ಮೇಲೆ ಜಾರಿ ಹಾರುವ ದೋಣಿ ಎಂಟು ಜನ ಕುಳಿತಾಗ ನೀರನ್ನು ಉತ್ತುಕೊಂಡು ಹೋಗುತ್ತದೆ, ಇದು ಸಹಜ. ದೋಣಿಯ ತಳದಲ್ಲಿ ನೀರು ನಿಂತಿದೆಯೇ ನೋಡಿರಿ. ಮೂರು ಮೀಟರು ಉದ್ದ, ಒಂದು ಮೀಟರು ಅಗಲದ ತಳದಲ್ಲಿ ಹತ್ತು ಸೆಂಟಿಮೀಟರು ನೀರು ನಿಂತರೆ ಅದರ ತೂಕ ೩೦೦ ಕಿಲೋಗ್ರಾಂ. ನಾಲ್ಕೈದು ಆಳುಗಳು ಟಿಕೇಟಿಲ್ಲದೆ ಕುಳಿತಂತೆ. ಗಾಳಿ ತುಂಬುವ ರಬ್ಬರು ದೋಣಿಯಾದರೆ ಗಾಳಿ ಕಡಮೆಯಾದರೂ ಅದು ಬಾಗಿ, ವೇಗ ತಗ್ಗುತ್ತದೆ.

ದೋಷವಲ್ಲದ್ದು ಹೋಯಿತು. ಈಗ ಕಿವಿಗೆ ಕೆಲಸ. ಬಲ ಕುಂದಿದ ಕ್ಷಣದಲ್ಲಿ ಸದ್ದು ಏನಾಯಿತು ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಕುವ ಜಾಗ ತಾನಾಗಿ ಕಿರಿದಾಗುತ್ತದೆ.

ಮೊದಲನೆಯದು, ಸದ್ದು ಏರಿತು, ದೋಣಿ ನಿಧಾನವಾಯಿತು. ಇಲ್ಲಿ ಎಂಜಿನ್ನು ನಿರಪರಾಧಿ. ಹುಟ್ಟಿದ ಬಲ ನೀರಿಗೆ ಮುಟ್ಟುತ್ತಿಲ್ಲ. ಪ್ರೊಪೆಲ್ಲರಿನ ನಡುವೆ ರಬ್ಬರಿನ ಒಂದು ಹಿಡಿತ ಇರುತ್ತದೆ. ಸಣ್ಣ ಯಂತ್ರಗಳಲ್ಲಿ ಅದರ ಬದಲು ಒಂದು ಪಿನ್ನು. ಪ್ರೊಪೆಲ್ಲರು ಕಲ್ಲಿಗೆ ಬಡಿದಾಗ ಒಳಗಿನ ಹಲ್ಲುಗಾಲಿ ಮುರಿಯದಿರಲೆಂದು ಅವು ತಾವೇ ಜಾರುತ್ತವೆ, ಇಲ್ಲವೆ ಮುರಿಯುತ್ತವೆ. ಹಾಸುಗಲ್ಲಿನ ನಮ್ಮ ಹೊಳೆಗಳಲ್ಲಿ ಇದು ಮೊದಲ ದಿನವೇ ಆಗಬಹುದು. ಪೆಟ್ಟು ಬಿದ್ದಿಲ್ಲವಾದರೆ ಯಂತ್ರವನ್ನು ಕೂರಿಸಿದ ಎತ್ತರ ನೋಡಿರಿ. ಯಂತ್ರದ ಕಾಲಿನಲ್ಲಿ ಪ್ರೊಪೆಲ್ಲರಿಗೆ ತುಸು ಮೇಲೆ ಒಂದು ಚಪ್ಪಟೆ ತಟ್ಟೆಯುಂಟು. ಅದು ಹೆಚ್ಚುಕಡಮೆ ದೋಣಿಯ ತಳದ ಮಟ್ಟಕ್ಕೆ ಬರಬೇಕು. ಈ ಯಂತ್ರಗಳ ಕಾಲು ಸಾಮಾನ್ಯವಾಗಿ ೧೫ ಅಂಗುಲ, ಇಲ್ಲವೆ ೨೦ ಅಂಗುಲದ ಹಿಂಹಲಗೆಗೆ ಹೊಂದುವಂತೆ ಬರುತ್ತದೆ. ಎತ್ತರದ ದೋಣಿಗೆ ಗಿಡ್ಡ ಕಾಲಿನ ಯಂತ್ರ ಕೊಂಡರೆ ಪ್ರೊಪೆಲ್ಲರು ನೀರಿನ ಬದಲು ಗಾಳಿಯನ್ನು ಕಡೆಯುತ್ತದೆ.

ಎರಡನೆಯದು, ಹತ್ತು ಹದಿನೈದು ನಿಮಿಷ ಸೊಗಸಾಗಿ ಓಡಿ, ಆಮೇಲೆ ಸದ್ದು ಮೆಲ್ಲಮೆಲ್ಲಗೆ ಇಳಿಯಿತು. ಇದು ಹಸಿವು, ಇಂಧನ ತಲುಪುತ್ತಿಲ್ಲ. ಎಣ್ಣೆಯ ತಗಡಿನ ಡಬ್ಬಕ್ಕೆ ನಮ್ಮ ಮನೆಗಳಲ್ಲಿ ಒಂದು ತೂತಲ್ಲ, ಎರಡು ತೂತು ಹೊಡೆಯುತ್ತಾರೆ. ಒಂದರಿಂದ ಎಣ್ಣೆ ಹೊರಗೆ ಬರುವುದಕ್ಕೆ ಇನ್ನೊಂದರಿಂದ ಗಾಳಿ ಒಳಗೆ ಹೋಗಬೇಕು. ಪೆಟ್ರೋಲಿನ ತೊಟ್ಟಿಯ ಮುಚ್ಚಳದ ಮೇಲಿರುವ ಸಣ್ಣ ತಿರುಪು ಆ ಎರಡನೆಯ ತೂತು. ಸಾಗಿಸುವಾಗ ಮುಚ್ಚಿ, ಓಡಿಸುವಾಗ ತೆರೆಯಲು ಮರೆತರೆ ಹೊಸ ಯಂತ್ರವೂ ಮಂಕಾಗುತ್ತದೆ. ಮುಚ್ಚಳ ಸಡಿಲಿಸಿದಾಗ ಗಾಳಿಯನ್ನು ಒಳಗೆಳೆದುಕೊಂಡ ಸದ್ದು ಬಂದರೆ ಕಾರಣ ಅದೇ. ಇನ್ನೊಂದು ಪರೀಕ್ಷೆ ಇದೆ. ರಕ್ತದೊತ್ತಡ ನೋಡುವಾಗ ವೈದ್ಯರು ಹಿಂಡುವಂಥ ಒಂದು ರಬ್ಬರಿನ ಬುರುಡೆ ಪೆಟ್ರೋಲಿನ ಕೊಳವೆಯ ನಡುವೆ ಇರುತ್ತದೆ. ಯಂತ್ರ ಸೊರಗುತ್ತಿರುವಾಗಲೇ ಅದನ್ನು ನಾಲ್ಕು ಬಾರಿ ಹಿಂಡಿರಿ. ಯಂತ್ರ ಚೇತರಿಸಿಕೊಂಡರೆ ದೋಷ ಇಂಧನದ ದಾರಿಯಲ್ಲಿದೆ ಎಂಬುದು ಖಚಿತ. ಬುರುಡೆ ಚಪ್ಪಟೆಯಾಗಿ ಕುಗ್ಗಿದ್ದರೆ ತಡೆ ಇರುವುದು ತೊಟ್ಟಿಯ ಕಡೆಗೆ. ಎಷ್ಟು ಹಿಂಡಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಜೋಡಣೆ ಸರಿಯಾಗಿ ಕೂತಿಲ್ಲ, ಗಾಳಿ ಸೇರುತ್ತಿದೆ. ಬುರುಡೆಯ ಮೇಲಿನ ಬಾಣದ ಗುರುತು ಯಂತ್ರದ ಕಡೆ ಮುಖ ಮಾಡಿರಬೇಕು. ಕೊಳವೆಯ ಮೇಲೆ ಯಾರಾದರೂ ಕಾಲಿಟ್ಟು ಕುಳಿತಿಲ್ಲವಷ್ಟೆ?

ಮೂರನೆಯದು, ಸದ್ದು ಒಮ್ಮೆಗೇ ಇಳಿದು ಒಂದೇ ಕೆಳಮಟ್ಟದಲ್ಲಿ ನಿಂತಿತು. ಜೊತೆಗೆ ಪೀ ಎಂಬ ಕೂಗು, ಇಲ್ಲವೆ ಕೆಂಪು ದೀಪ. ಇದು ಈಗಿನ ಅನೇಕ ಯಂತ್ರಗಳು ತಮ್ಮ ಪ್ರಾಣವನ್ನು ತಾವೇ ಕಾಯ್ದುಕೊಳ್ಳುವ ಉಪಾಯ. ಕಾವು ಮಿತಿಮೀರಿದೆ, ಇಲ್ಲವೆ ಎಣ್ಣೆಯ ಒತ್ತಡ ತಗ್ಗಿದೆ ಎಂದು ತಿಳಿದೊಡನೆ ಯಂತ್ರ ತನ್ನ ವೇಗವನ್ನು ಕುಗ್ಗಿಸಿಕೊಳ್ಳುತ್ತದೆ. ಔಟ್‌ಬೋರ್ಡ್ ಯಂತ್ರ ಹೊಳೆಯ ನೀರನ್ನೇ ಎಳೆದುಕೊಂಡು ತಂಪಾಗುತ್ತದೆ. ಹಿಂಬದಿಯಲ್ಲಿ ಸಣ್ಣ ಧಾರೆಯಾಗಿ ಬೀಳುವ ನೀರು ಅದರ ಸಾಕ್ಷಿ. ಪ್ರವಾಹದಲ್ಲಿ ತೊಗರಿಯ ಕಡ್ಡಿ, ಜೋಳದ ದಂಟು, ಪ್ಲಾಸ್ಟಿಕ್ ಚೀಲಗಳೆಲ್ಲ ತೇಲಿಬರುತ್ತವೆ. ಒಂದು ಚೀಲ ನೀರಿನ ಬಾಯಿಗೆ ಅಂಟಿದರೆ ಸಾಕು. ಧಾರೆ ನಿಂತಿದ್ದರೆ ದೋಣಿಯನ್ನು ಸುರಕ್ಷಿತ ಜಾಗಕ್ಕೆ ತಂದು ಯಂತ್ರ ನಿಲ್ಲಿಸಿ ಆ ಬಾಯಿಯನ್ನು ಬಿಡಿಸಿರಿ. ಧಾರೆ ಸರಿಯಾಗಿದ್ದರೆ ಎಣ್ಣೆಯ ಮಟ್ಟ ನೋಡಿರಿ. ಕೂಗನ್ನು ನಿಲ್ಲಿಸಲು ತಂತಿ ಕೀಳುವುದು, ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ.

ನಾಲ್ಕನೆಯದು, ಸದ್ದು ತೊದಲುತ್ತದೆ, ಮೈ ನಡುಗುತ್ತದೆ. ಎರಡು ಸಿಲಿಂಡರಿನ ಯಂತ್ರದಲ್ಲಿ ಒಂದು ಮಾತ್ರ ದುಡಿಯುತ್ತಿರಬಹುದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಹೋಲಿಸಿದಾಗ ಒಂದು ಒಣಗಿ ಕಂದಾಗಿದ್ದು ಇನ್ನೊಂದು ಒದ್ದೆಯಾಗಿ ಕರ್ರಗಿದ್ದರೆ, ಆ ಒದ್ದೆಯದರಲ್ಲಿ ಕಿಡಿ ಹುಟ್ಟುತ್ತಿಲ್ಲವೆಂದು ತಿಳಿಯಬಹುದು. ಎರಡೂ ಸರಿಯಿದ್ದರೆ ಪೆಟ್ರೋಲನ್ನು ಪರೀಕ್ಷಿಸಿರಿ. ತೊಟ್ಟಿಯ ತಳದಿಂದ ಸ್ವಲ್ಪವನ್ನು ಗಾಜಿನ ಸೀಸೆಗೆ ತೆಗೆದು ಬೆಂಕಿಯಿಂದ ದೂರವಿಟ್ಟರೆ, ನೀರು ಇದ್ದ ಪಕ್ಷದಲ್ಲಿ ಕೆಳಗೆ ಬೇರೆಯೇ ಪದರವಾಗಿ ನಿಲ್ಲುತ್ತದೆ. ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಈಗ ಶೇಕಡ ೨೦ರವರೆಗೆ ಎಥೆನಾಲು ಬೆರೆತಿರುತ್ತದೆ. ಅನೇಕ ಔಟ್‌ಬೋರ್ಡ್ ತಯಾರಕರು ಒಪ್ಪುವುದು ಶೇಕಡ ೧೦ರವರೆಗೆ ಮಾತ್ರ. ಎಥೆನಾಲು ತೇವವನ್ನು ಹೀರುತ್ತದೆ. ಹೀರಿದ್ದು ಹೆಚ್ಚಾದರೆ ನೀರಿನೊಡನೆ ಕೂಡಿ ತಳಕ್ಕಿಳಿಯುತ್ತದೆ. ಆದಕಾರಣ ಕೊಳ್ಳುವ ಮೊದಲೇ ಯಂತ್ರದ ಕೈಪಿಡಿಯಲ್ಲಿ ಈ ಮಾತನ್ನು ನೋಡತಕ್ಕದ್ದು. ಕಳೆದ ಮಳೆಗಾಲದ ಪೆಟ್ರೋಲನ್ನು ಈ ಮಳೆಗಾಲಕ್ಕೆ ಇಡಕೂಡದು.

ಐದನೆಯದು, ಮೊದಲ ದಿನದಿಂದಲೂ ಸದ್ದು ಏರಲೇ ಇಲ್ಲ. ಯಂತ್ರ ನಿಲ್ಲಿಸಿ, ಮೇಲಿನ ಮುಚ್ಚಳ ತೆಗೆದು, ಒಬ್ಬರು ವೇಗದ ಹಿಡಿಯನ್ನು ಪೂರ್ತಿ ತಿರುಗಿಸಲಿ, ಇನ್ನೊಬ್ಬರು ಥ್ರಾಟಲಿನ ಕದ ಪೂರ್ತಿ ತೆರೆಯಿತೇ ನೋಡಲಿ. ಕೇಬಲ್ಲನ್ನು ಬಿಗಿಯುವಾಗ ಆದ ಅರ್ಧ ಅಂಗುಲದ ತಪ್ಪು ಬಲದಲ್ಲಿ ದೊಡ್ಡ ಪಾಲನ್ನೇ ತಿನ್ನಬಲ್ಲದು. ಕದ ಸರಿಯಾಗಿದ್ದರೆ ಪ್ರೊಪೆಲ್ಲರಿನ ಆಯ್ಕೆ ತಪ್ಪಿರಬಹುದು. ಒಂದು ಸುತ್ತಿಗೆ ಅದು ಎಷ್ಟು ಅಂಗುಲ ಮುನ್ನುಗ್ಗಬೇಕೆಂಬ ಅಳತೆಯನ್ನು ಪಿಚ್ ಎನ್ನುತ್ತಾರೆ. ಪಿಚ್ ಹೆಚ್ಚಾದರೆ, ಸೈಕಲ್ಲಿನ ದೊಡ್ಡ ಗೇರಿನಲ್ಲಿ ದಿಣ್ಣೆ ಹತ್ತಿದ ಹಾಗೆ, ಯಂತ್ರ ಏದುಸಿರು ಬಿಡುತ್ತದೆ. ಅನೇಕ ಯಂತ್ರಗಳು ಪೂರ್ಣ ಬಲ ಕೊಡುವುದು ನಿಮಿಷಕ್ಕೆ ೫,೦೦೦ದಿಂದ ೬,೦೦೦ ಸುತ್ತಿನಲ್ಲಿ. ಪಿಚ್ ಒಂದಂಗುಲ ತಗ್ಗಿಸಿದರೆ ಸುಮಾರು ೧೫೦ರಿಂದ ೨೦೦ ಸುತ್ತು ಏರುತ್ತದೆ. ಜನರನ್ನು ಹೊರುವ ದೋಣಿಗೆ ತುಂಬಿದ ಹೊರೆಯಲ್ಲೇ ಈ ಅಳತೆ ನೋಡಬೇಕು. ಖಾಲಿ ದೋಣಿಯ ಅಳತೆ ನೆರೆಯ ದಿನ ಕೈಕೊಡುತ್ತದೆ.

ಇಷ್ಟರಲ್ಲಿ ಕಾರ್ಬ್ಯುರೇಟರು ಬಿಚ್ಚುವ ಮಾತು ಒಮ್ಮೆಯೂ ಬರಲಿಲ್ಲವೆಂಬುದನ್ನು ತಾವು ಗಮನಿಸಿರಬಹುದು. ಅದು ಕಟ್ಟಕಡೆಯ ಕೆಲಸ. ಹೊಸ ಯಂತ್ರದಲ್ಲಿ ಅದು ಮಾರಿದವರ ಕೆಲಸ. ಒಳಗೆ ಕೈಹಾಕಿದರೆ ಅವರ ಖಾತರಿಯೂ ತಪ್ಪಬಹುದು. ನಮ್ಮ ಪಾಲಿನದು ಅವರಿಗೆ ಸರಿಯಾದ ವರದಿ ಕೊಡುವುದು. ಎಷ್ಟು ಗಂಟೆ ಓಡಿತು, ಎಷ್ಟು ಜನರಿದ್ದರು, ಯಾವ ಪೆಟ್ರೋಲು, ಎಷ್ಟನೆಯ ನಿಮಿಷದಲ್ಲಿ ಸದ್ದು ಹೇಗೆ ಬದಲಾಯಿತು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ. “ಮೋಟಾರು ಎಳೆಯುವುದಿಲ್ಲ” ಎಂಬ ಒಂದು ಸಾಲಿಗಿಂತ ಇಂಥ ನಾಲ್ಕು ಸಾಲು ಮೆಕ್ಯಾನಿಕನಿಗೆ ಹೆಚ್ಚು ದಾರಿ ತೋರುತ್ತವೆ.

ಕೆಲವು ಎಚ್ಚರಿಕೆಗಳನ್ನು ಮರೆಯಲಾಗದು. ಪ್ರೊಪೆಲ್ಲರಿಗೆ ಕೈ ಇಡುವ ಮೊದಲು ಯಂತ್ರ ನಿಲ್ಲಿಸಿ ಅದರ ಸುರಕ್ಷಾ ಹಗ್ಗವನ್ನು ಕಿತ್ತಿಡಿರಿ. ನೀರಿಲ್ಲದೆ ಯಂತ್ರವನ್ನು ಒಂದು ನಿಮಿಷವೂ ಓಡಿಸಬೇಡಿರಿ. ನೀರೆಳೆಯುವ ರಬ್ಬರಿನ ಚಕ್ರ ಸುಟ್ಟುಹೋಗುತ್ತದೆ. ದೋಣಿಯಲ್ಲಿ ಎರಡು ಹುಟ್ಟು, ಉದ್ದನೆಯ ಹಗ್ಗ, ತಲೆಗೊಂದು ಜೀವರಕ್ಷಕ ಅಂಗಿ ಇರಲೇಬೇಕು. ನಡುಪ್ರವಾಹದಲ್ಲಿ ಬಲ ಕುಂದಿದರೆ ಕಾರಣ ಹುಡುಕುವುದು ಆಮೇಲಿನ ಮಾತು, ಮೊದಲು ದಡ.

ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆಯ ಕಾಲ. ವರ್ಷವಿಡೀ ಕೋಣೆಯಲ್ಲಿದ್ದ ಯಂತ್ರವನ್ನು ನೆರೆ ಬಂದ ದಿನ ಹೊರಗೆ ತೆಗೆದರೆ ಮೇಲಿನ ಐದು ಸದ್ದುಗಳೂ ಒಟ್ಟಿಗೆ ಕೇಳಿಬಂದಾವು. ಹೊಸ ಯಂತ್ರ ಕೊಂಡ ಪಂಚಾಯತಿಯಾಗಲಿ ಯುವಕ ಸಂಘವಾಗಲಿ ಮೇ ತಿಂಗಳಲ್ಲಿ, ನಿಂತ ನೀರಿನ ಕೆರೆಯೊಂದರಲ್ಲಿ, ಜನರಷ್ಟೇ ತೂಕದ ಮರಳು ಚೀಲಗಳನ್ನು ಹೇರಿ, ಒಂದು ಗಂಟೆ ಓಡಿಸಿ ನೋಡಲಿ. ಬಲಗುಂದುವ ಯಂತ್ರ ಅಲ್ಲಿಯೇ ಬಲಗುಂದಲಿ. ದಡ ಹತ್ತಿರವಿರುತ್ತದೆ, ತಿದ್ದಲು ಸಮಯವೂ ಇರುತ್ತದೆ.