ತೆರಿಗೆಯಿಲ್ಲದ ಸಂಬಳವೂ ಊರಿನ ಹೊಲವೂ

ಚಾಮರಾಜನಗರ, ಗುಂಡ್ಲುಪೇಟೆಯ ಸೀಮೆಯಲ್ಲಿ ಮಗನನ್ನು ದುಬೈಗೆ ಕಳುಹಿಸಿದ ಹಿರಿಯರು, "ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲವಂತೆ ಸ್ವಾಮಿ" ಎಂದು ಹಿಗ್ಗಿನಿಂದ ಹೇಳುವುದನ್ನು ನಾವು ಕೇಳಿದ್ದೇವೆ.

ಮಾತು ನಿಜ. 1971ರ ಡಿಸೆಂಬರ್ 2ರಂದು ಒಕ್ಕೂಟವಾದ ಸಂಯುಕ್ತ ಅರಬ್ ಸಂಸ್ಥಾನ ವಿಸ್ತಾರದಲ್ಲಿ ಕರ್ನಾಟಕದ ಅರ್ಧಕ್ಕಿಂತಲೂ ಕಿರಿದು. ಎಣ್ಣೆ ಮತ್ತು ವ್ಯಾಪಾರ ಅದರ ಬೊಕ್ಕಸವನ್ನು ತುಂಬಿರುವುದರಿಂದ ದುಡಿಯುವವನ ವೇತನಕ್ಕೆ ಸರ್ಕಾರ ಕೈ ಹಾಕಿಲ್ಲ. ಕತಾರ್, ಕುವೈತ್‌ಗಳಲ್ಲಿಯೂ ಹೀಗೆಯೇ. ಹಾಗೆ ನೋಡಿದರೆ, ಗುಂಡ್ಲುಪೇಟೆಯಲ್ಲಿ ಅರಿಸಿನ, ಚೆಂಡುಹೂ ಬೆಳೆಯುವ ನಮ್ಮ ರೈತನೂ ಬೇಸಾಯದ ವರಮಾನಕ್ಕೆ ಆದಾಯ ತೆರಿಗೆ ಕಟ್ಟುವುದಿಲ್ಲ. ಆದರೂ ಅವನ ಮಕ್ಕಳಿಗೆ ಸರ್ಕಾರಿ ಶಾಲೆಯಿದೆ, ಕಾಯಿಲೆಗೆ ಜಿಲ್ಲಾ ಆಸ್ಪತ್ರೆಯಿದೆ, ಚುನಾವಣೆಯಲ್ಲಿ ಮತವಿದೆ.

ದುಬೈಯಲ್ಲಿರುವ ಮಗನ ಲೆಕ್ಕ ಬೇರೆ. ಮಕ್ಕಳನ್ನು ಸಾಮಾನ್ಯವಾಗಿ ಖಾಸಗಿ ಶಾಲೆಗೇ ಸೇರಿಸಬೇಕು. ವರ್ಷದ ಬಾಡಿಗೆಯ ಶೇ. 5ರಷ್ಟು ನಗರಾಡಳಿತದ ಶುಲ್ಕ ನೀರು, ವಿದ್ಯುತ್ತಿನ ಬಿಲ್ಲಿನೊಡನೆ ಬರುತ್ತದೆ. 2018ರಿಂದ ಕೊಳ್ಳುವ ಸಾಮಾನುಗಳ ಮೇಲೆ ಶೇ. 5ರ ಮೌಲ್ಯವರ್ಧಿತ ತೆರಿಗೆಯೂ ಇದೆ. ವಾಸದ ಪರವಾನಗಿ ಬಹುತೇಕ ಕೆಲಸಕ್ಕೆ ಅಂಟಿಕೊಂಡದ್ದು. ನಮ್ಮವರ ಮಗು ಅಲ್ಲಿ ಹುಟ್ಟಿದ ಮಾತ್ರಕ್ಕೆ ಆ ನಾಡಿನ ಪ್ರಜೆಯಾಗದು. 2019ರಿಂದ ಕೆಲವರಿಗೆ ದೊರೆಯುತ್ತಿರುವ 10 ವರ್ಷದ ಗೋಲ್ಡನ್ ವೀಸಾ ಕೂಡ ಪೌರತ್ವವಲ್ಲ. ಸರ್ಕಾರಿ ಪಿಂಚಣಿ ಹೊರನಾಡಿನವರಿಗಿಲ್ಲ. ಅದಕ್ಕೆ ಬದಲು ಸೇವೆಯ ಕೊನೆಗೆ ಗ್ರಾಚ್ಯುಟಿ ಉಂಟು: ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲೆ ವರ್ಷಕ್ಕೆ 30 ದಿನಗಳ ಮೂಲವೇತನ. ಮೂಲವೇತನವೆಂಬ ಮಾತನ್ನು ಗಮನಿಸಬೇಕು. ಸಂಬಳದಲ್ಲಿ ಭತ್ಯೆಯ ಪಾಲೇ ದೊಡ್ಡದಾದರೆ ಮುಪ್ಪಿಗೆ ಉಳಿಯುವ ಗಂಟು ಸಣ್ಣದು.

ಆದುದರಿಂದಲೇ ದುಡಿದವನ ಕಣ್ಣು ಊರಿನತ್ತ ತಿರುಗುತ್ತದೆ. ಇಲ್ಲಿಯೂ ಕೆಲವು ಸಂಗತಿಗಳುಂಟು. ಅನಿವಾಸಿಯ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ. ಚಾಮರಾಜನಗರದಲ್ಲಿ ಬಾಡಿಗೆಗೆ ಕೊಟ್ಟ ಮನೆಯ ವರಮಾನ ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಹೆಚ್ಚಿನ ಮನೆಗಳು ಎಡವುವುದು ಹೊಲದ ವಿಷಯದಲ್ಲಿ. 2020ರಲ್ಲಿ ಕರ್ನಾಟಕವು ಬೇಸಾಯಗಾರರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಆದರೆ ಕೇಂದ್ರದ ವಿದೇಶಿ ವಿನಿಮಯ ನಿಯಮದಂತೆ ಅನಿವಾಸಿಯು ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಪೇಟೆಯಲ್ಲಿ ಮನೆ ಕೊಳ್ಳಬಹುದು. ಅಪ್ಪನ ಹೊಲದ ಪಕ್ಕದ ಎರಡು ಎಕರೆ ಕೊಳ್ಳಲಾಗದು. ಮಗ ಕಳುಹಿಸಿದ ಹಣದಿಂದ ತಂದೆಯೇ ತನ್ನ ಹೆಸರಿನಲ್ಲಿ ಕೊಳ್ಳುವ ರೂಢಿಯುಂಟು. ಆಗ ಪಹಣಿಯಲ್ಲಿ ಇರುವುದು ತಂದೆಯ ಹೆಸರು ಮಾತ್ರ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇರುವ ಮನೆಯಲ್ಲಿ ಈ ಹೊಲ ಯಾರ ದುಡಿಮೆಯದು, ಮುಂದೆ ಯಾರಿಗೆ ಸೇರತಕ್ಕದ್ದು ಎಂಬುದನ್ನು ಹಿರಿಯರು ಬದುಕಿರುವಾಗಲೇ ಎಲ್ಲರನ್ನೂ ಕೂರಿಸಿಕೊಂಡು ಉಯಿಲಿನಲ್ಲಿ ಬರೆಸಿಡುವುದು ಲೇಸು.