ನಾಯಿ ಜೊತೆಗಿದ್ದರೆ ಹಳ್ಳಿಯೂ ಹತ್ತಿರ

ಬ್ರಿಟನ್ನಿನ ಕನ್ನಡಿಗರ ಮನೆಗಳಲ್ಲಿ ನಾಯಿ ಸಾಕುವುದು ಈಗ ಅಪರೂಪವೇನಲ್ಲ. ಮಕ್ಕಳ ಹಟಕ್ಕೆ ತಂದ ಮರಿ ವರ್ಷ ಕಳೆಯುವುದರೊಳಗೆ ಮನೆಮಂದಿಯಲ್ಲಿ ಒಬ್ಬನಾಗಿಬಿಡುತ್ತದೆ. ಪೇಚು ಶುರುವಾಗುವುದು ಶಾಲೆಗೆ ರಜೆ ಬಂದಾಗ. ನಾಯಿಯನ್ನು ಯಾರ ಬಳಿ ಬಿಟ್ಟು ಹೋಗುವುದು? ಅಕ್ಕಪಕ್ಕದವರನ್ನು ಕೇಳಲು ಸಂಕೋಚ, ದುಡ್ಡು ಕೊಟ್ಟು ಬಿಟ್ಟುಹೋಗಲು ಮನಸ್ಸಿಲ್ಲ. ಇದಕ್ಕೆ ಇಂಗ್ಲೆಂಡಿನ ಹಳ್ಳಿಗಾಡೇ ಒಳ್ಳೆಯ ಉತ್ತರ: ಅದನ್ನೂ ಕರೆದುಕೊಂಡೇ ಹೊರಡಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾರ್ವಜನಿಕರಿಗೆ ನಡೆಯಲು ಕಾನೂನಿನ ಹಕ್ಕಿರುವ ದಾರಿಗಳು ಸುಮಾರು 2.25 ಲಕ್ಷ ಕಿ.ಮೀ. ಇವೆ. ಬೇರೆಯವರ ಹೊಲ, ಹುಲ್ಲುಗಾವಲುಗಳ ನಡುವೆಯೇ ಹಾದುಹೋಗುವ ಈ ಕಾಲುದಾರಿಗಳಲ್ಲಿ ನಾಯಿಯೊಂದಿಗೂ ನಡೆಯಬಹುದು. ಆದರೂ ಏಷ್ಯಾ ಮೂಲದ ಕುಟುಂಬಗಳು ಇಲ್ಲಿ ಕಾಣುವುದು ಕಡಿಮೆ. ಹಳ್ಳಿಗಾಡು ಬಿಳಿಯರದ್ದೇ ಜಾಗ ಎಂಬ ಭಾವನೆ ಅನೇಕರಲ್ಲಿದೆ ಎಂದು ರಾಷ್ಟ್ರೀಯ ಉದ್ಯಾನಗಳ ಕುರಿತು ಸರ್ಕಾರಕ್ಕಾಗಿ 2019ರಲ್ಲಿ ಸಿದ್ಧವಾದ ವರದಿಯೂ ಗುರುತಿಸಿತ್ತು. ನಾಯಿ ಹಿಡಿದು ಹೊರಟವರಿಗೆ ಈ ಸಂಕೋಚ ಬೇಗ ಕರಗುತ್ತದೆ. ಎದುರು ಬಂದವರು ಮೊದಲು ನಾಯಿಯನ್ನು ಮಾತಾಡಿಸುತ್ತಾರೆ, ಅದರ ಹೆಸರು, ವಯಸ್ಸು ಕೇಳುತ್ತಾರೆ. ನಿಮ್ಮ ಊರು ಯಾವುದು ಎಂಬ ಪ್ರಶ್ನೆ ಬರುವುದು ಆಮೇಲೆ.

ಕೆಸಿಕ್: ಕೆರೆಯಂಚಿನ ಪೇಟೆ

ನಾಯಿ ಸಾಕಿದವರ ಬಾಯಲ್ಲಿ ಮೊದಲು ಬರುವ ಹೆಸರು ಲೇಕ್ ಡಿಸ್ಟ್ರಿಕ್ಟ್‌ನ ಕೆಸಿಕ್. ಇಲ್ಲಿ ಅನೇಕ ಅಂಗಡಿ, ಕೆಫೆ, ಪಬ್‌ಗಳ ಬಾಗಿಲಲ್ಲೇ ನಾಯಿಗಳಿಗೆ ನೀರಿನ ಬಟ್ಟಲು ಇಟ್ಟಿರುತ್ತಾರೆ. ಡರ್ವೆಂಟ್‌ವಾಟರ್ ಸರೋವರದ ಲಾಂಚ್‌ನಲ್ಲಿ ನಾಯಿಯೂ ಬರಬಹುದು. ನಡುವೆ ಇಳಿದು ದಂಡೆಗುಂಟ ನಡೆಯಬಹುದು, ಸುಸ್ತಾದರೆ ಮುಂದಿನ ಕಟ್ಟೆಯಲ್ಲಿ ಮತ್ತೆ ಹತ್ತಬಹುದು. ಗಟ್ಟಿಗರಿಗೆ 451 ಮೀಟರ್ ಎತ್ತರದ ಕ್ಯಾಟ್ ಬೆಲ್ಸ್ ಬೆಟ್ಟವಿದೆ. ಕಾರಿಲ್ಲದವರು ಪೆನ್ರಿತ್‌ವರೆಗೆ ರೈಲಿನಲ್ಲಿ ಬಂದು ಬಸ್ ಹಿಡಿಯಬಹುದು.

ಹತ್ತಿರದ ಹೆಲ್ವೆಲಿನ್ ಬೆಟ್ಟಕ್ಕೂ ನಾಯಿಯ ಕಥೆಯೊಂದು ಅಂಟಿಕೊಂಡಿದೆ. 1805ರಲ್ಲಿ ಚಾರ್ಲ್ಸ್ ಗಫ್ ಎಂಬಾತ ಅಲ್ಲಿ ಬಿದ್ದು ಸತ್ತ. ಸುಮಾರು ಮೂರು ತಿಂಗಳ ನಂತರ ಶವ ಸಿಕ್ಕಾಗಲೂ ಅವನ ನಾಯಿ ಪಕ್ಕದಲ್ಲೇ ಇತ್ತು. ವರ್ಡ್ಸ್‌ವರ್ತ್ ಮತ್ತು ವಾಲ್ಟರ್ ಸ್ಕಾಟ್ ಇಬ್ಬರೂ ಈ ಘಟನೆಯ ಮೇಲೆ ಕವಿತೆ ಬರೆದರು.

ಊರಿಂದ ಹಿರಿಯರು ಬಂದಿದ್ದರೆ

ಮಂಡಿನೋವಿನ ಅಪ್ಪ-ಅಮ್ಮನನ್ನು ಬೆಟ್ಟ ಹತ್ತಿಸಲಾಗದು. ಅಂಥವರಿಗೆ ಪೀಕ್ ಡಿಸ್ಟ್ರಿಕ್ಟ್‌ನ ಬೇಕ್‌ವೆಲ್ ಒಳ್ಳೆಯದು. 1968ರಲ್ಲಿ ಮುಚ್ಚಿದ ರೈಲು ಮಾರ್ಗವೇ ಇಲ್ಲಿ ಮಾನ್ಸಲ್ ಟ್ರೇಲ್ ಎಂಬ ಕಾಲುದಾರಿಯಾಗಿದೆ. ಎಂಟೂವರೆ ಮೈಲಿಯ ಈ ದಾರಿ ಹೆಚ್ಚುಕಡಿಮೆ ಸಮತಟ್ಟು, ವಾಹನಗಳ ಕಾಟವಿಲ್ಲ, ನಡುವೆ ಹಳೆಯ ಸುರಂಗಗಳೂ ಇವೆ. ಸೈಕಲ್‌ಗಳು ಓಡಾಡುವುದರಿಂದ ನಾಯಿಗೆ ಬಳ್ಳಿ ಇರಲಿ. ಅದೇ ಸೀಮೆಯ ಹ್ಯಾದರ್‌ಸೇಜ್, ಈಡೇಲ್ ಹಳ್ಳಿಗಳಿಗೆ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್‌ನಿಂದ ನೇರ ರೈಲುಗಳಿವೆ. ಪ್ರಯಾಣಿಕರೊಬ್ಬರು ಎರಡು ನಾಯಿಗಳವರೆಗೆ ಟಿಕೆಟ್ ಇಲ್ಲದೆ ರೈಲಿನಲ್ಲಿ ಕರೆದೊಯ್ಯಬಹುದು.

ದಕ್ಷಿಣದವರಿಗೆ ನ್ಯೂ ಫಾರೆಸ್ಟ್ ಹತ್ತಿರ. ಲಂಡನ್ನಿನ ವಾಟರ್ಲೂನಿಂದ ಬ್ರಾಕನ್‌ಹರ್ಸ್ಟ್‌ಗೆ ಸುಮಾರು ಒಂದೂವರೆ ಗಂಟೆಯ ರೈಲು ಪ್ರಯಾಣ. ಬರ್ಲಿ, ಲಿಂಡ್‌ಹರ್ಸ್ಟ್‌ಗಳ ರಸ್ತೆಯಲ್ಲೇ ಕುದುರೆ, ಕತ್ತೆ, ದನಗಳು ತಿರುಗುತ್ತಿರುತ್ತವೆ. ಅವಕ್ಕೆ ತಿನ್ನಲು ಕೊಡಬಾರದು, ನಾಯಿಯನ್ನು ಹತ್ತಿರ ಬಿಡಬಾರದು. ಇಲ್ಲಿ ಉಣ್ಣೆಗಳೂ ಉಂಟು. ಮನೆಗೆ ಬಂದೊಡನೆ ನಾಯಿಯ ಕಿವಿ, ಕಾಲ್ಬೆರಳ ಸಂದು, ಮಕ್ಕಳ ಕಾಲು ನೋಡಿಬಿಡಿ. ಉಣ್ಣೆ ಕಡಿತದಿಂದ ಲೈಮ್ ರೋಗ ಬರಬಹುದು.

ಕಾಟ್ಸ್‌ವೋಲ್ಡ್ಸ್‌ನ ಬೋರ್ಟನ್-ಆನ್-ದ-ವಾಟರ್‌ನಲ್ಲಿ ಪುಟ್ಟ ಹೊಳೆಯೊಂದು ಊರ ನಡುವೆಯೇ ಹರಿಯುತ್ತದೆ. ಬೇಸಿಗೆಯ ವಾರಾಂತ್ಯದಲ್ಲಿ ಜಾತ್ರೆಯಷ್ಟು ಜನ. ನಾಯಿ ಇದ್ದವರು ಬೆಳಿಗ್ಗೆ ಬೇಗ ಹೋಗುವುದು ಲೇಸು.

ಕುರಿ ಇದ್ದಲ್ಲಿ ಬಳ್ಳಿ ಬಿಡಬೇಡಿ

ನಮ್ಮ ಯುಗಾದಿಯ ಆಸುಪಾಸಿನಲ್ಲೇ ಇಲ್ಲಿ ಕುರಿಗಳು ಮರಿ ಹಾಕುವ ಕಾಲ. ಈಸ್ಟರ್ ರಜೆಯೂ ಆಗಲೇ. ನಾಯಿ ಕಚ್ಚಬೇಕೆಂದಿಲ್ಲ, ಅಟ್ಟಿಸಿಕೊಂಡು ಹೋದರೆ ಸಾಕು, ಗಬ್ಬದ ಕುರಿ ಕಂದು ಹಾಕಬಹುದು. ಹತ್ತಿರದ ಕುರಿಗಳನ್ನು ಕಾಯಲು ಬೇರೆ ದಾರಿಯಿಲ್ಲದಾಗ ರೈತ ನಾಯಿಗೆ ಗುಂಡು ಹಾರಿಸಿದರೆ 1971ರ ಪ್ರಾಣಿಗಳ ಕಾಯ್ದೆ ಅವನ ಬೆನ್ನಿಗಿದೆ. ‘ನಮ್ಮದು ಪಾಪದ ನಾಯಿ’ ಎಂಬ ಮಾತು ಅಲ್ಲಿ ನಡೆಯದು. ನಮ್ಮ ಮುಧೋಳ ನಾಯಿಯಂತೆ ಕಣ್ಣಳತೆಯಲ್ಲೇ ಬೇಟೆ ಗುರುತಿಸಿ ಓಡುವ ಗ್ರೇಹೌಂಡ್, ವಿಪೆಟ್ ಸಾಕಿದವರು ಇನ್ನಷ್ಟು ಎಚ್ಚರದಿಂದಿರಬೇಕು.

ಬಯಲು, ಬೆಟ್ಟಗಳ ‘ಮುಕ್ತ ಪ್ರವೇಶ’ದ ಜಾಗದಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಬಳ್ಳಿ 2 ಮೀಟರ್ ಮೀರಬಾರದು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಕಾಯಲು ಈ ನಿಯಮ. ಜಾನುವಾರುಗಳ ಹತ್ತಿರವಾದರೆ ವರ್ಷವಿಡೀ ಇದು ಕಡ್ಡಾಯ. ಒಂದೇ ಒಂದು ಸಂದರ್ಭ ಬೇರೆ: ಕರುವಿರುವ ಹಸುಗಳು ನಿಮ್ಮತ್ತ ನುಗ್ಗಿ ಬಂದರೆ ಬಳ್ಳಿ ಬಿಟ್ಟುಬಿಡಿ. ಅವು ಬೆನ್ನಟ್ಟುವುದು ನಾಯಿಯನ್ನು. ನಾಯಿ ಓಡಿ ಪಾರಾಗುತ್ತದೆ, ಮನುಷ್ಯರು ಓಡಲಾರರು. ಗೋವು ಸಾಧುಪ್ರಾಣಿ ಎಂದೇ ಬೆಳೆದ ನಮಗೆ ಇದು ನೆನಪಿರಬೇಕು.

ಹೇಲನ್ನು ಚೀಲಕ್ಕೆ ತುಂಬಿಕೊಂಡೇ ಬನ್ನಿ. ಅದರಿಂದ ಹಬ್ಬುವ ಸೋಂಕು ಹಸುಗಳ ಗರ್ಭಪಾತಕ್ಕೂ ಕಾರಣವಾಗುತ್ತದೆ. ಕೊರಳಪಟ್ಟಿಯಲ್ಲಿ ಯಜಮಾನರ ಹೆಸರು, ವಿಳಾಸ ಇರಬೇಕು. ಮೈಕ್ರೋಚಿಪ್ 2016ರಿಂದ ಕಡ್ಡಾಯ.

ಬುತ್ತಿ ಬಿಚ್ಚುವ ಮುನ್ನ

ಪಬ್, ಕೆಫೆಗಳ ಒಳಗೆ ನಾಯಿಯನ್ನು ಬಿಡುವುದು ಮಾಲೀಕರ ಇಷ್ಟ. ಬಾರ್ ಭಾಗದಲ್ಲಿ ಸೈ, ಊಟದ ಕೋಣೆಯಲ್ಲಿ ಬೇಡ ಎನ್ನುವುದು ಸಾಮಾನ್ಯ. ಮೊದಲೇ ಫೋನ್ ಮಾಡಿ ಕೇಳಿದರೆ ಮುಜುಗರವಿಲ್ಲ.

ನಮ್ಮವರು ಹೇಗೂ ಬುತ್ತಿ ಕಟ್ಟಿಕೊಂಡೇ ಹೋಗುವವರು. ಉಪ್ಪಿಟ್ಟಿನ ಈರುಳ್ಳಿ, ಚಟ್ನಿಯ ಬೆಳ್ಳುಳ್ಳಿ, ಕೇಸರಿಬಾತಿನ ಒಣದ್ರಾಕ್ಷಿ ಇವೆಲ್ಲ ನಾಯಿಗೆ ವಿಷ. ದ್ರಾಕ್ಷಿಯಂತೂ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ‘ಪಾಪ, ನೋಡ್ತಾ ಕೂತಿದೆ’ ಎಂದು ಅಜ್ಜಿ ಒಂದು ತುತ್ತು ಹಾಕುವ ಮೊದಲು ಅವರಿಗೂ ಹೇಳಿಡಿ. ಅದಕ್ಕೆಂದೇ ಸಪ್ಪೆ ಮೊಸರನ್ನವನ್ನೋ ಬೇಯಿಸಿದ ಕ್ಯಾರೆಟ್ಟನ್ನೋ ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡರೆ ಅಜ್ಜಿಗೂ ಸಮಾಧಾನ, ನಾಯಿಗೂ ಪಾಲು.