ಝೂಮ್ ಮಾಡಿದರೂ ನಂಬರ್ ಬರೋದಿಲ್ಲ

ಶಹಾಪುರದ ಒಂದು ವಾಣಿಜ್ಯ ಮಳಿಗೆಯಲ್ಲಿ, ಕೌಂಟರ್ ಹಿಂದಿನ ಸಣ್ಣ ಟಿವಿ ಎದುರು ಐದಾರು ಜನ ಕತ್ತು ಚಾಚಿ ನಿಂತಿದ್ದೆವು. ಬೀಜ, ಗೊಬ್ಬರ ಒಯ್ಯಲು ಹಳ್ಳಿಯಿಂದ ಬಂದಿದ್ದ ರೈತರೊಬ್ಬರ ಬೈಕು ಅಂಗಡಿ ಮುಂದಿನಿಂದಲೇ ಹೋಗಿತ್ತು. ರೆಕಾರ್ಡಿಂಗ್ ತೆಗೆದುಕೊಡಲು ನನ್ನನ್ನು ಕರೆಸಿದ್ದರು. ಸಿಕ್ಕಿತು. ಇಬ್ಬರು ಒಂದು ಗಾಡಿಯ ಮೇಲೆ ಬರುತ್ತಾರೆ, ಹಿಂದೆ ಕೂತವನು ಇಳಿಯುತ್ತಾನೆ, ಮುಖಕ್ಕೆ ದಸ್ತಿ ಕಟ್ಟಿದ್ದಾನೆ. ಹ್ಯಾಂಡಲ್‌ಗೆ ಕಾಲು ಕೊಟ್ಟು ಒಮ್ಮೆ ಜೋರಾಗಿ ಒದೆಯುತ್ತಾನೆ. ಲಾಕ್ ಮುರಿಯಿತು. ಒಂದು ನಿಮಿಷವೂ ಆಗಿಲ್ಲ, ಎರಡೂ ಗಾಡಿ ಚೌಕಟ್ಟಿನಿಂದ ಆಚೆ.

"ಅವ್ರು ಬಂದ ಗಾಡಿ ನಂಬರ್ ಝೂಮ್ ಮಾಡ್ರೀ," ಅಂದರು ಅಂಗಡಿ ಸಾವ್ಕಾರರು.

ಮಾಡಿದೆ. ನಂಬರ್ ಪ್ಲೇಟ್ ಇದ್ದ ಜಾಗದಲ್ಲಿ ಬೂದು ಬಣ್ಣದ ನಾಲ್ಕಾರು ಚೌಕ ಕಂಡವು.

"ಇನ್ನಾ ಝೂಮ್ ಮಾಡ್ರೀ, ಬರ್ತದ."

ಚೌಕಗಳು ದೊಡ್ಡವಾದವು, ಅಷ್ಟೇ. ಆಗ ಆ ರೈತರು ಟಿವಿ ಬಿಟ್ಟು ನನ್ನ ಕಡೆ ತಿರುಗಿ, "ಎಂಟು ಕ್ಯಾಮೆರಾ ಅದಾವಲ್ರೀ ಇಲ್ಲಿ?" ಅಂದರು. ಉತ್ತರ ಕೊಡಲು ಯಾರಿಗೂ ಬಾಯಿ ಬರಲಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ವರ್ಷಗಟ್ಟಲೆ ಕ್ಯಾಮೆರಾ ಹಚ್ಚಿದವನು ನಾನು. ಈ ಕೆಲಸದಲ್ಲಿ ನನ್ನ ತಾಳ್ಮೆ ಕೆಡಿಸುವ ಒಂದೇ ಒಂದು ನಂಬಿಕೆಯಿದ್ದರೆ ಅದು ಇದು: ಕ್ಯಾಮೆರಾ ಇದ್ದರೆ ಸಾಕು, ಬೇಕಾದಾಗ ಝೂಮ್ ಮಾಡಿ ನಂಬರ್ ತೆಗೆಯಬಹುದು. ಸಿನಿಮಾದಲ್ಲಿ ಪೊಲೀಸ್ ಅಧಿಕಾರಿ ಒಂದು ಕೀಲಿ ಒತ್ತಿದೊಡನೆ ಮಸುಕು ಚಿತ್ರ ಸ್ಫುಟವಾಗುವುದನ್ನು ನೋಡಿ ನೋಡಿ ಇದು ತಲೆಯಲ್ಲಿ ಕೂತುಬಿಟ್ಟಿದೆ. ಓದಿದವರು, ವಕೀಲರು, ಎಂಜಿನಿಯರುಗಳು ಕೂಡ ಹೀಗೇ ಹೇಳುತ್ತಾರೆ. ಇದು ಸುಳ್ಳು. ಯಾಕೆ ಸುಳ್ಳು ಅನ್ನುವುದಕ್ಕೆ ಪ್ರಾಥಮಿಕ ಶಾಲೆಯ ಭಾಗಾಕಾರ ಸಾಕು.

ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದು 2 ಮೆಗಾಪಿಕ್ಸೆಲ್ ಕ್ಯಾಮೆರಾ. ಅದರ ಚಿತ್ರದಲ್ಲಿ ಅಡ್ಡಲಾಗಿ 1,920 ಚುಕ್ಕಿಗಳಿರುತ್ತವೆ. ಸಾವ್ಕಾರರು ಏನು ಹೇಳುತ್ತಾರೆ? "ಅಂಗಡಿ ಮುಂದಿಂದು ಪೂರಾ ಕಾಣಬೇಕ್ ನೋಡ್ರಿ, ಈ ತುದಿಯಿಂದ ಆ ತುದಿತನಕ." ಸರಿ, ಅಗಲ ನೋಟದ ಲೆನ್ಸ್ ಹಾಕಿ ಮೊದಲ ಮಹಡಿಯ ಮೂಲೆಯಲ್ಲಿ ಎತ್ತರಕ್ಕೆ ಹಚ್ಚುತ್ತೇವೆ. ಗಾಡಿಗಳು ನಿಂತ ಕಡೆ ಅದು 40 ಮೀಟರ್ ಅಗಲ ಕಾಣುತ್ತದೆ ಅಂದುಕೊಳ್ಳಿ. 1,920ನ್ನು 40ರಿಂದ ಭಾಗಿಸಿದರೆ ಮೀಟರಿಗೆ 48 ಚುಕ್ಕಿ. ಬೈಕಿನ ಹಿಂದಿನ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ 20 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಂದರೆ ಅದರ ಪಾಲಿಗೆ ಬರುವುದು ಅಡ್ಡಲಾಗಿ ಹತ್ತು, ಉದ್ದಕ್ಕೆ ಐದು, ಒಟ್ಟು ಐವತ್ತಕ್ಕೂ ಕಡಿಮೆ ಚುಕ್ಕಿ. ಆ ಐವತ್ತರಲ್ಲಿ ಕೆಎ 33, ಅದರ ಮುಂದೆ ಎರಡು ಅಕ್ಷರ, ಕೆಳಗೆ ನಾಲ್ಕು ಅಂಕಿ ಹಿಡಿಸಬೇಕು. ಒಂದೊಂದು ಅಂಕಿಗೆ ನಾಲ್ಕೈದು ಚುಕ್ಕಿ. ಬಾಗಿಲಲ್ಲಿ ರಂಗೋಲಿ ಹಾಕುವ ಯಾವ ಹೆಣ್ಣುಮಗಳನ್ನಾದರೂ ಕೇಳಿ, ಐದು ಚುಕ್ಕಿ ಇಟ್ಟು ತೇರು ಬರೆಯಲು ಆಗುತ್ತದೆಯೇ ಎಂದು. ಮೂರಕ್ಕೂ ಎಂಟಕ್ಕೂ ಅಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ.

ಝೂಮ್ ಅನ್ನುವುದು ಇಟ್ಟ ಚುಕ್ಕಿಗಳ ನಡುವೆ ಅಂತರ ಹೆಚ್ಚಿಸುತ್ತದೆ. ಹೊಸ ಚುಕ್ಕಿ ಇಡುವುದಿಲ್ಲ. ಕ್ಯಾಮೆರಾ ನೋಡುವಾಗ ಹಿಡಿಯದೆ ಬಿಟ್ಟದ್ದನ್ನು ಆಮೇಲೆ ಯಾವ ಟಿವಿ, ಯಾವ ಕಂಪ್ಯೂಟರ್ ಹುಟ್ಟಿಸಿ ಕೊಡಲಾರದು.

"ಹಂಗಾರ ಎಂಟು ಮೆಗಾಪಿಕ್ಸೆಲ್‌ದು ಹಾಕಿಬಿಡ್ರಿ" ಅನ್ನುವವರೂ ಇದ್ದಾರೆ. ಅಡ್ಡಲಾಗಿ 3,840 ಚುಕ್ಕಿ. ಅದೇ 40 ಮೀಟರ್ ಅಗಲ ತೋರಿಸಿದರೆ ಪ್ಲೇಟಿಗೆ ಹತ್ತರ ಬದಲು ಹತ್ತೊಂಬತ್ತು ಚುಕ್ಕಿ ಸಿಗುತ್ತವೆ. ದುಡ್ಡು ಹೋಯಿತು, ನಂಬರ್ ಬರಲಿಲ್ಲ. ಗುರುತು ಪರಿಚಯವಿಲ್ಲದ ಮನುಷ್ಯನ ಮುಖ ಹಿಡಿಯಲು ಮೀಟರಿಗೆ 250 ಚುಕ್ಕಿಯಾದರೂ ಬೇಕೆಂದು ಈ ಕಸುಬಿನ ಅಂತರರಾಷ್ಟ್ರೀಯ ಮಾನದಂಡ 62676-4ರ 2014ರ ಆವೃತ್ತಿ ಹೇಳಿತ್ತು. ನಮ್ಮ ಬಹುಪಾಲು ಅಂಗಡಿಗಳ ಮುಂದೆ ಅದರ ಕಾಲು ಭಾಗವೂ ಇರುವುದಿಲ್ಲ.

ಈಗೀಗ ಇದಕ್ಕಿಂತ ಅಪಾಯದ್ದೊಂದು ಬಂದಿದೆ. ಮಸುಕು ಚಿತ್ರವನ್ನು ಮೊಬೈಲಿನ ಎಐ ಆ್ಯಪ್‌ಗೆ ಹಾಕಿ "ಕ್ಲಿಯರ್" ಮಾಡಿಸುತ್ತಾರೆ. ಅದು ಅಂಕಿಗಳನ್ನು ಓದುವುದಿಲ್ಲ, ಊಹಿಸಿ ಬರೆಯುತ್ತದೆ, ಅದೂ ಅಚ್ಚು ಹಾಕಿದಂತೆ ಸ್ಪಷ್ಟವಾಗಿ. ಆ ನಂಬರಿನ ಗಾಡಿ ಸುರಪುರದ ರಂಗಂಪೇಟೆಯ ಯಾವನೋ ಬಡ ಹುಡುಗನದಾಗಿದ್ದರೆ? ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವನು ಸಂಜೆಯೊಳಗೆ ಕಳ್ಳನಾಗಿರುತ್ತಾನೆ. ದಯವಿಟ್ಟು ಈ ಕೆಲಸ ಮಾಡಬೇಡಿ.

ಹಾಗಾದರೆ ಬೆಂಗಳೂರಿನಲ್ಲಿ ಓಡುವ ಗಾಡಿಯ ನಂಬರ್ ಹಿಡಿದು ಮನೆಗೆ ದಂಡದ ಚೀಟಿ ಕಳಿಸುತ್ತಾರಲ್ಲ ಎಂದು ಕೇಳುತ್ತಾರೆ. ಕಳಿಸುತ್ತಾರೆ. 2022ರ ಡಿಸೆಂಬರ್‌ನಲ್ಲಿ ಅಲ್ಲಿ ಶುರುವಾದ ವ್ಯವಸ್ಥೆಯಲ್ಲಿ 50 ಜಂಕ್ಷನ್‌ಗಳಿಗೆ ನಂಬರ್ ಓದುವುದಕ್ಕೆಂದೇ 250 ಕ್ಯಾಮೆರಾ ಇಟ್ಟರು, ಸರಾಸರಿ ಒಂದು ಜಂಕ್ಷನ್‌ಗೆ ಐದು. ಅಂಥ ಕ್ಯಾಮೆರಾ ಇಡೀ ಚೌಕ ನೋಡುವುದಿಲ್ಲ. ರಸ್ತೆಯ ಒಂದು ತುಂಡನ್ನು ಮಾತ್ರ ದಿಟ್ಟಿಸಿ ನೋಡುತ್ತದೆ. ಅದರ ಗುಟ್ಟು ಅಷ್ಟೇ.

ಆ ಗುಟ್ಟು ನಮ್ಮ ಊರಿಗೂ ಬರುತ್ತದೆ, ಅದೂ ಹೆಚ್ಚು ಖರ್ಚಿಲ್ಲದೆ. ಮೇಲೆ ಹೇಳಿದ ಅದೇ 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಮಹಡಿಯಿಂದ ಇಳಿಸಿ, ಗಾಡಿಗಳು ಒಳಗೆ ಬಂದು ಹೊರಗೆ ಹೋಗುವ ದಾರಿಗೆ, ಆಳೆತ್ತರದಲ್ಲಿ, ನಾಲ್ಕು ಮೀಟರ್ ಅಗಲ ಮಾತ್ರ ಕಾಣುವ ಹಾಗೆ ಹಚ್ಚಿ. ಮೀಟರಿಗೆ 480 ಚುಕ್ಕಿ. ಪ್ಲೇಟಿಗೆ 96. ಹಗಲಲ್ಲಿ ನಂಬರ್ ಅಚ್ಚುಕಟ್ಟಾಗಿ ಓದಬಹುದು. ಆದರೆ ಅದಕ್ಕೆ ಒಂದು ದಾರಿ ಬೇಕು. ಮುಂದಿನ ಅಂಗಳಕ್ಕೆ ಕಟ್ಟೆಯಿಲ್ಲ, ಸರಪಳಿಯಿಲ್ಲ, ಗಾಡಿ ಎಲ್ಲಿಂದಲಾದರೂ ನುಗ್ಗಿ ಎಲ್ಲಿಂದಲಾದರೂ ಹೊರಡುತ್ತದೆ ಅನ್ನುವ ಕಡೆ ಕ್ಯಾಮೆರಾ ಯಾವ ಬಾಗಿಲನ್ನು ಕಾಯಬೇಕು? ಎಂಟು ಕ್ಯಾಮೆರಾಕ್ಕೆ ದುಡ್ಡು ಕೊಟ್ಟವರು ಎರಡು ಕಂಬ, ಒಂದು ಸರಪಳಿ ಹಾಕಲು ಮೀನಮೇಷ ಎಣಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ರಾತ್ರಿಯ ಕಥೆಯೇ ಬೇರೆ. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಹೊಳೆಯುವ ಪ್ಲೇಟಿಗೆ ಬಡಿದು ವಾಪಸ್ ಬಂದು ಇಡೀ ಪ್ಲೇಟನ್ನು ಬರೀ ಬಿಳಿ ಪಟ್ಟಿಯಾಗಿಸುತ್ತದೆ. ಆ ಬೆಳಕಿನ ಬಿಸಿಗೆ, ಹುಳಕ್ಕೆ ಆಸೆಪಟ್ಟು ಜೇಡ ಬಂದು ಲೆನ್ಸಿನ ಮುಂದೆಯೇ ಬಲೆ ಹೆಣೆಯುತ್ತದೆ. ಒಂದು ಟ್ಯೂಬ್‌ಲೈಟ್ ಹಾಕಿ, ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಅರ್ಧ ರೋಗ ಹೋಗುತ್ತದೆ. ಹತ್ತಿ ಸೀಜನ್ನಿನಲ್ಲಿ ನಮ್ಮ ಕಡೆ ಏಳುವ ಧೂಳು ಗೊತ್ತಲ್ಲ, ಆಗಂತೂ ವಾರಕ್ಕೊಮ್ಮೆ ಒರೆಸಬೇಕು.

ರೆಕಾರ್ಡಿಂಗ್ ಯಾವಾಗಲೂ ಒಳಗೆ ಇದ್ದೇ ಇರುತ್ತದೆ ಅನ್ನುವುದು ಎರಡನೇ ಭ್ರಮೆ. ನಾಲ್ಕು ಕ್ಯಾಮೆರಾ, ಒಂದೊಂದು ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 86 ಜಿಬಿ. 1 ಟಿಬಿ ಡಿಸ್ಕ್ ಹನ್ನೆರಡನೇ ದಿನ ತುಂಬಿ, ಹಳೆಯದನ್ನು ಅಳಿಸಿ ಅದರ ಮೇಲೆಯೇ ಬರೆಯುತ್ತದೆ. ಒಮ್ಮೆಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, 30 ದಿನದ ರೆಕಾರ್ಡಿಂಗ್ ಉಳಿಸಬೇಕು ಎನ್ನುವುದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ. ಮದುವೆ ಹಂಗಾಮಿನ ಬಟ್ಟೆ ಅಂಗಡಿ, ಕಲ್ಯಾಣ ಮಂಟಪ, ದೊಡ್ಡ ಆಸ್ಪತ್ರೆ ಎಲ್ಲವೂ ಇದರೊಳಗೆ ಬರುತ್ತವೆ. ಕರೆಂಟ್ ಹೋದಾಗ ಯುಪಿಎಸ್ ಇಲ್ಲದಿದ್ದರೆ ಆ ಹೊತ್ತಿನದೇನೂ ಇರುವುದಿಲ್ಲ. ಒಳಗಿನ ಗುಂಡಿ ಬ್ಯಾಟರಿ ಸತ್ತ ಡಿವಿಆರ್‌ನಲ್ಲಿ, ಅಂದರೆ ರೆಕಾರ್ಡಿಂಗ್ ಉಳಿಸುವ ಪೆಟ್ಟಿಗೆಯಲ್ಲಿ, ಇವತ್ತಿನ ಕಳವು 2000ನೇ ಇಸವಿಯ ಜನವರಿ 1ರಂದು ನಡೆದಂತೆ ದಾಖಲಾಗಿರುತ್ತದೆ.

ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟರೆ ಕೋರ್ಟಿಗೆ ಸಾಕು ಎಂದುಕೊಂಡವರಿಗೆ: ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗೆ ಬೇಕು. ಕ್ಯಾಮೆರಾದಲ್ಲಿ ಕಂಡಿತೆಂದು ಅಡ್ಡ ಹಚ್ಚಿದ ಗಾಡಿಗೆ ಅಂಗಡಿಯವರೇ ದಂಡ ಹಾಕಬಹುದೇ? ಇಲ್ಲ, ಮೋಟಾರು ವಾಹನ ಕಾಯ್ದೆಯ ದಂಡ ಪೊಲೀಸರು, ಸರ್ಕಾರ ನೇಮಿಸಿದ ಅಧಿಕಾರಿಗಳು ಮತ್ತು ನ್ಯಾಯಾಲಯದ ಕೆಲಸ.

ಅಂಗಡಿಗಳ ಮುಂದೆ ತೂಗುಹಾಕುವ "ವಾಹನಗಳಿಗೆ ಮಾಲೀಕರೇ ಜವಾಬ್ದಾರರು" ಎಂಬ ಬೋರ್ಡಿನ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. 1998ರ ಆಗಸ್ಟ್‌ನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಒಬ್ಬರು ಮಾರುತಿ ಝೆನ್ ಕಾರಿನಲ್ಲಿ ಹೋದರು, ಕೀಲಿಯನ್ನು ಹೋಟೆಲಿನವರ ಕೈಗೆ ಕೊಟ್ಟು ಚೀಟಿ ಪಡೆದರು. ಕಾರು ಕಳುವಾಯಿತು. ನಿಲ್ಲಿಸಿದ ಕಾರಿಗೆ ಕಾರಿನ ಮಾಲೀಕರದೇ ಜವಾಬ್ದಾರಿ ಎಂದು ಆ ಚೀಟಿಯಲ್ಲೇ ಅಚ್ಚಾಗಿತ್ತು. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟ್ ಆ ಅಚ್ಚಿನ ಸಾಲಿನ ಮರೆಯಲ್ಲಿ ನಿಲ್ಲಲು ಹೋಟೆಲಿಗೆ ಬಿಡಲಿಲ್ಲ. ತೀರ್ಪು ಬರೆದವರು ನಮ್ಮ ಕನ್ನಡ ನಾಡಿನ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಕೀಲಿ ತೆಗೆದುಕೊಂಡು ಚೀಟಿ ಕೊಟ್ಟ ಮೇಲೆ ಕಾಯುವ ಹೊಣೆ ನಿಮ್ಮದು, ಎಚ್ಚರ ವಹಿಸಿದ್ದೆವೆಂದು ತೋರಿಸಿಕೊಡಬೇಕಾದವರೂ ನೀವೇ. ಗಿರಾಕಿ ತಾನೇ ಹಚ್ಚಿ ಕೀಲಿ ಜೇಬಿಗಿಟ್ಟುಕೊಂಡು ಹೋದರೆ ಮಾತು ಬೇರೆ. ಆದರೆ ಬೋರ್ಡ್ ಬರೆಸಿದರೆ ಕೈ ತೊಳೆದುಕೊಂಡಂತೆ ಎಂದು ಯಾರೂ ತಿಳಿಯಬಾರದು.

ಇಷ್ಟಾದರೂ ಜನ ಬಿಡುವುದಿಲ್ಲ. ಕೆಂಪು ದೀಪ ಮಿಣುಕುವ, ಒಳಗೆ ಏನೂ ಇಲ್ಲದ ಡಮ್ಮಿ ಕ್ಯಾಮೆರಾ ಕೇಳಿಕೊಂಡು ನನ್ನಲ್ಲಿಗೆ ಬರುವವರಿದ್ದಾರೆ. ಅಂಗಡಿ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವ ಕೈಯೇ ಇದನ್ನೂ ಕಟ್ಟುತ್ತದೆ. ನಿಂಬೆಹಣ್ಣು ಕಟ್ಟಿದವರು ಕಡೇಪಕ್ಷ ರಾತ್ರಿ ಬೀಗ ಎಳೆದು ನೋಡಿ ಮನೆಗೆ ಹೋಗುತ್ತಾರೆ. ಕ್ಯಾಮೆರಾ ಕಟ್ಟಿದವರು ಅದನ್ನೂ ಮರೆಯುತ್ತಾರೆ. ಅದು ನನಗೆ ಸಂಕಟ ತರುತ್ತದೆ. ಯಂತ್ರ ಬಂದ ಮೇಲೆ ಮನುಷ್ಯನ ಕಣ್ಣನ್ನು ತೆಗೆದುಹಾಕುವ ಈ ಚಾಳಿ ಅಂಗಡಿಯಲ್ಲಷ್ಟೇ ಇಲ್ಲ. ಹೊಲದಲ್ಲಿ ಬೆಳೆ ನೋಡದೆ ಮೊಬೈಲಿನಲ್ಲಿ ಬಂದ ಔಷಧಿ ಹೊಡೆಯುವವರನ್ನೂ, ಮಗುವಿನ ಹಣೆ ಮುಟ್ಟದೆ ವಾಟ್ಸ್‌ಆ್ಯಪ್ ನೋಡಿ ಮದ್ದು ಕೊಡುವವರನ್ನೂ ದಿನಾ ನೋಡುತ್ತೇವೆ. ನಂಬುವುದು ಸುಲಭ, ಪರೀಕ್ಷಿಸುವುದಕ್ಕೆ ಐದು ನಿಮಿಷ ಬೇಕು. ಆ ಐದು ನಿಮಿಷ ಯಾರಿಗೂ ಇಲ್ಲ.

ಕ್ಯಾಮೆರಾ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. 2009ರಲ್ಲಿ ವೆಲ್ಷ್ ಮತ್ತು ಫಾರಿಂಗ್ಟನ್ ಎಂಬ ಇಬ್ಬರು ಅಪರಾಧ ಶಾಸ್ತ್ರಜ್ಞರು 44 ಅಧ್ಯಯನಗಳನ್ನು ಪರಿಶೀಲಿಸಿದರು. ಎಲ್ಲ ಕಡೆ ಸೇರಿ ಕ್ಯಾಮೆರಾದಿಂದ ಅಪರಾಧ ಇಳಿದದ್ದು ಶೇ. 16. ವಾಹನ ನಿಲ್ಲಿಸುವ ಜಾಗಗಳಲ್ಲಿ ಮಾತ್ರ ಶೇ. 51. ಕ್ಯಾಮೆರಾ ಅತಿ ಹೆಚ್ಚು ಕೆಲಸಕ್ಕೆ ಬರುವುದೇ ಪಾರ್ಕಿಂಗ್‌ನಲ್ಲಿ! ಆದರೆ ಆ ಜಾಗಗಳಲ್ಲಿ ಕ್ಯಾಮೆರಾದ ಜೊತೆಗೆ ಒಳ್ಳೆಯ ಬೆಳಕು, ಕಾವಲುಗಾರರಂಥ ಬೇರೆ ಕ್ರಮಗಳೂ ಇದ್ದವು.

ನಮ್ಮಲ್ಲೋ, ಕಟ್ಟಡದ ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ನೆಲಮಾಳಿಗೆ ಗೋದಾಮಾಗಿರುತ್ತದೆ. ಗಾಡಿಗಳು ರಸ್ತೆಗೆ ಬರುತ್ತವೆ, ಸಂತೆಯ ದಿನ ಬಸ್ಸು ತಿರುಗಲು ಜಾಗವಿರುವುದಿಲ್ಲ, ಆಗ "ಇನ್ನೆರಡು ಕ್ಯಾಮೆರಾ ಹಾಕ್ರಿ, ಶಿಸ್ತು ಬರ್ತದ" ಅನ್ನುತ್ತಾರೆ. ಗೋದಾಮು ಖಾಲಿ ಮಾಡಿ, ನೆಲಕ್ಕೆ ಸುಣ್ಣದ ಗೆರೆ ಎಳೆದು, ಸೀಟಿ ಕೊಟ್ಟು ಒಬ್ಬ ಹುಡುಗನನ್ನು ನಿಲ್ಲಿಸಿದ ಅಂಗಡಿಯ ಮುಂದೆ ಗಾಡಿಗಳು ಸಾಲಾಗಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಇದ್ದದ್ದು ಎರಡೇ ಕ್ಯಾಮೆರಾ, ಒಂದು ಒಳಬರುವ ದಾರಿಗೆ, ಒಂದು ಹೊರಹೋಗುವ ದಾರಿಗೆ.

ಅಂಗಡಿ, ಆಸ್ಪತ್ರೆ, ಮಂಟಪ ಇಟ್ಟುಕೊಂಡವರಲ್ಲಿ ನನ್ನದೊಂದು ವಿನಂತಿ. ಇವತ್ತು ರಾತ್ರಿ ಬಾಗಿಲು ಹಾಕುವ ಮುಂಚೆ ಟಿವಿ ಮುಂದೆ ಕೂತು, ಹದಿನೈದು ದಿನದ ಹಿಂದಿನ ಸಂಜೆ ಎಂಟು ಗಂಟೆಯ ರೆಕಾರ್ಡಿಂಗ್ ತೆರೆಯಿರಿ. ಅದರಲ್ಲಿ ನಿಮ್ಮದೇ ಗಾಡಿಯ ನಂಬರ್ ಓದಿ ನೋಡಿ. ಓದಲು ಬರದಿದ್ದರೆ ನಾಳೆ ಬೆಳಿಗ್ಗೆಯೇ ಕ್ಯಾಮೆರಾ ಹಚ್ಚಿದವರನ್ನು ಕರೆಸಿ, ಒಂದನ್ನಾದರೂ ಮಹಡಿಯಿಂದ ಇಳಿಸಿ ದಾರಿಗೆ ಹಚ್ಚಿಸಿ.